ನಾಕ್‌ನಗೋರ ಬೆಟ್ಟದಿಂದ ಕಾಣುವ ಎಂಟು ಜಿಲ್ಲೆಗಳು

ಮಾರ್ಟಿ ಕ್ವಿಲ್ಟಿ ಸುಳ್ಳುಗಾರನಲ್ಲ. ಬ್ಯಾಲಿಗೋರದ ಸಹಕಾರಿ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಕೋಳಿಕಾಳು, ಮುಳ್ಳುತಂತಿ, ರಬ್ಬರ್ ಬೂಟು ಮಾರಿದ ಮನುಷ್ಯ. ಸೋರುವ ಬೂಟನ್ನು ಸೋರುತ್ತದೆ ಎಂದು ಹೇಳಿಯೇ ಮಾರುತ್ತಿದ್ದ. ಅಂಥವನು ಇಡೀ ಊರನ್ನು ಬೆಟ್ಟದ ಸುತ್ತ ತಿರುಗಿಸಿದ್ದು ಹೇಗೆ ಎಂದು ಈಗಲೂ ಕೇಳುವವರಿದ್ದಾರೆ. ತಪ್ಪು ಡಾಕ್ಟರದ್ದು.

ಐವತ್ತನೆಯ ವಯಸ್ಸಿಗೆ ಮಾರ್ಟಿಯ ಹೊಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಗೆ ತಾಗತೊಡಗಿತ್ತು. ಡಾಕ್ಟರು ಅವನ ರಕ್ತ ನೋಡಿದರು, ಅವನನ್ನು ನೋಡಿದರು, ಆಮೇಲೆ ಕಿಟಕಿಯಾಚೆ ನೋಡಿದರು. ಕಿಟಕಿಯಾಚೆ ನಾಕ್‌ನಗೋರ ಬೆಟ್ಟವಿತ್ತು. ಬ್ಯಾಲಿಗೋರದಲ್ಲಿ ಯಾವ ಕಿಟಕಿಯಾಚೆ ನೋಡಿದರೂ ಅದೇ ಇರುತ್ತದೆ.

"ವಾರಕ್ಕೊಂದು ಸಲ ಅದನ್ನ ಹತ್ತು," ಎಂದರು.

ಈ ಮಾತನ್ನು ಅವರು ಗಾಬ್ನೆಟ್‌ಳ ಎದುರು ಹೇಳಬಾರದಿತ್ತು. ಗಾಬ್ನೆಟ್ ಮಾರ್ಟಿಯ ಹೆಂಡತಿ. ಮುಂದಿನ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬರುತ್ತಲೇ ಅವಳು ಹ್ಯಾಮ್ ಸ್ಯಾಂಡ್‌ವಿಚ್ ಕಟ್ಟಿ, ಫ್ಲಾಸ್ಕಿಗೆ ಟೀ ತುಂಬಿ, ಗಂಡನನ್ನು ಬಾಗಿಲಾಚೆ ಬಿಟ್ಟು ಅಗುಳಿ ಹಾಕಿದಳು. ಮಾರ್ಟಿ ಪ್ರಾಮಾಣಿಕವಾಗಿಯೇ ಹೊರಟ. ಊರ ಕಡೆಯ ದಾರಿ ಕಡಿದಾಗಿ ಕಂಡದ್ದರಿಂದ, ಬೆಟ್ಟದ ಬೆನ್ನಿನ ಕಡೆ ದಾರಿ ಮೃದುವಾಗಿರಬಹುದೆಂದು ಕಾರಿನಲ್ಲಿ ಸುತ್ತಿಕೊಂಡು ಹೋದ. ಅಲ್ಲಿ ಪೈನ್ ಮರಗಳ ನಡುವೆ ಒಂದು ಕಬ್ಬಿಣದ ಗೇಟು, ಗೇಟಿನೆದುರು ಒಂದು ಕಾರು ನಿಲ್ಲುವಷ್ಟು ಜಾಗ. ಕಾರು ನಿಲ್ಲಿಸಿದ. ರೇಡಿಯೋದಲ್ಲಿ ಹರ್ಲಿಂಗ್ ಎಂಬ ಕೋಲುಚೆಂಡಾಟದ ಪಂದ್ಯ ಶುರುವಾಗಿತ್ತು. ಅರ್ಧ ಆಟ ಕೇಳಿ ಹತ್ತೋಣ ಎಂದುಕೊಂಡ. ಪಂದ್ಯ ಸಮಬಲವಾಯಿತು. ಸಮಬಲವಾದ ಪಂದ್ಯವನ್ನು ಬಿಟ್ಟು ಬೆಟ್ಟ ಹತ್ತುವ ಗಂಡಸು ಲಿಮೆರಿಕ್ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಸಂಜೆ ಮನೆಗೆ ಬಂದಾಗ ಗಾಬ್ನೆಟ್ ಕೇಳಿದಳು. "ಮೇಲೆ ಏನು ಕಾಣ್ತು?"

"ಮೋಡ," ಎಂದ ಮಾರ್ಟಿ. ಅದು ಪೂರ್ತಿ ಸುಳ್ಳಲ್ಲ. ಕಾರಿನಿಂದಲೂ ಮೋಡ ಕಂಡಿತ್ತು.

ಆದರೆ ಎಷ್ಟು ಭಾನುವಾರ ಮೋಡ ಎನ್ನಲು ಸಾಧ್ಯ? ನಾಲ್ಕನೆಯ ವಾರ ಬಿಸಿಲು ಸುಡುತ್ತಿತ್ತು. ಮಾರ್ಟಿ ಮೂರು ಜಿಲ್ಲೆ ಕಂಡ. ಬೇಸಿಗೆ ಮುಗಿಯುವಷ್ಟರಲ್ಲಿ ಐದಾಯಿತು. ಹೀಗೆ ಏಳು ವರ್ಷ ಕಳೆಯಿತು: ಬೇಸಿಗೆಯಲ್ಲಿ ಹರ್ಲಿಂಗ್, ಚಳಿಗಾಲದಲ್ಲಿ ನಿದ್ದೆ. ಮನೆಗೆ ಹೊರಡುವ ಮುಂಚೆ ಗೇಟಿನ ಪಕ್ಕದ ಹೊಂಡದಲ್ಲಿ ಬೂಟುಗಳನ್ನು ಚೆನ್ನಾಗಿ ಕೆಸರು ಮಾಡಿಕೊಳ್ಳುತ್ತಿದ್ದ. ಹೊಟ್ಟೆ ಕರಗುವ ಬದಲು ಇನ್ನಷ್ಟು ಮುಂದೆ ಬಂದಾಗ ನೆರೆಯವರು ಬೆರಗಾದರು. ಗಾಬ್ನೆಟ್ ಅವರಿಗೆಲ್ಲ ಗಂಭೀರವಾಗಿ ಹೇಳಿದಳು. "ಅದು ಕೊಬ್ಬಲ್ಲ. ಹತ್ತಿ ಹತ್ತಿ ಬಂದ ಮಾಂಸಖಂಡ."

ಹೀಗೆಯೇ ನಡೆದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಮೇ ತಿಂಗಳ ಒಂದು ಮಂಗಳವಾರ ಹೆಸ್ಟರ್ ಬೋಲ್ಯಾಂಡ್ ಎಂಬ ಹೆಂಗಸು ಡಬ್ಲಿನ್‌ನಿಂದ ಬಂದು ಅಂಗಡಿಯೊಳಗೆ ಕಾಲಿಟ್ಟಳು. ಅವಳು ಪತ್ರಿಕೆಗೆ ಬೆಟ್ಟಗಳ ಬಗ್ಗೆ ಬರೆಯುವವಳು. ಎಲ್ಲರೂ ಗಾಲ್ಟಿ ಬೆಟ್ಟಸಾಲಿಗೇ ಓಡುತ್ತಾರೆ, ಯಾರೂ ತಿರುಗಿ ನೋಡದ ಬೆಟ್ಟಗಳ ಬಗ್ಗೆ ಬರೆಯಬೇಕೆಂದು ಅವಳ ಆಸೆ.

"ನಿಮ್ಮ ಈ ಬೆಟ್ಟ ಚೆನ್ನಾಗಿ ಬಲ್ಲವರು ಯಾರಾದ್ರೂ ಇದಾರಾ?" ಎಂದು ಕೇಳಿದಳು.

ಮಾರ್ಟಿ ಇಲ್ಲ ಎನ್ನಲು ಬಾಯಿ ತೆರೆದಿದ್ದ. ಕೋಳಿಕಾಳು ತೂಗಿಸಿಕೊಳ್ಳಲು ಬಂದಿದ್ದ ಗಾಬ್ನೆಟ್ ಅವನಿಗಿಂತ ಬೇಗ ಬಾಯಿ ತೆರೆದಳು.

"ನಿಮ್ಮೆದುರಿಗೇ ನಿಂತಿದಾರಲ್ಲ. ಏಳು ವರ್ಷದಿಂದ ಒಂದು ಭಾನುವಾರ ತಪ್ಪಿಸಿಲ್ಲ. ಹಿಮ ಬಿದ್ದಾಗಲೂ ಹತ್ತಿದಾರೆ. ಹೇಳು ಮಾರ್ಟಿ, ನಾಚಿಕೊಳ್ಳಬೇಡ. ಎಷ್ಟು ಜಿಲ್ಲೆ ಕಾಣ್ತವೆ ಹೇಳು."

ಅಂಗಡಿಯಲ್ಲಿ ಆಗ ಆರು ಜನ ಗಿರಾಕಿಗಳಿದ್ದರು. ಆರೂ ಜನ ತಿರುಗಿದರು. ಮಾರ್ಟಿಗೆ ಶಾಲೆಯ ಗೋಡೆಯ ಮೇಲಿದ್ದ ಭೂಪಟ ನೆನಪಿಗೆ ಬಂತು, ಕೆಳಗಿನಿಂದ ಓದತೊಡಗಿದ. "ಕಾರ್ಕ್, ಕೆರಿ, ವಾಟರ್‌ಫರ್ಡ್, ಟಿಪರೇರಿ, ಕಿಲ್‌ಕೆನಿ, ಕ್ಲೇರ್. ನಮ್ಮ ಲಿಮೆರಿಕ್ ಇದ್ದೇ ಇದೆ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಹೆಸ್ಟರ್ ಎಷ್ಟು ಚಂದವಾಗಿ ಬರೆದುಕೊಳ್ಳುತ್ತಿದ್ದಳೆಂದರೆ, ಅವಳ ಪೆನ್ನು ನಿಂತದ್ದು ನೋಡಿ ಅವನಿಗೆ ಪಾಪ ಅನ್ನಿಸಿತು. "ಆಮೇಲೆ ಗಾಲ್ವೇ," ಎಂದ.

ಹತ್ತು ದಿನಕ್ಕೆ ಪತ್ರಿಕೆಯಲ್ಲಿ ಅರ್ಧ ಪುಟ ಬಂತು. 'ಎಂಟು ಜಿಲ್ಲೆಗಳ ಮೂಕ ಸಾಕ್ಷಿ' ಎಂದು ತಲೆಬರಹ. ನಡುವೆ ಮಾರ್ಟಿಯ ಫೋಟೋ, ಕೈಯಲ್ಲಿ ರಬ್ಬರ್ ಬೂಟು. ಗಾಬ್ನೆಟ್ ಹನ್ನೊಂದು ಪ್ರತಿ ತಂದು ಕಾರ್ಕ್‌ನಲ್ಲಿದ್ದ ಅಕ್ಕನಿಗೆ ಎರಡು ಕಳಿಸಿದಳು, ಮೊದಲನೆಯದು ಕಳೆದುಹೋದರೆ ಇರಲಿ ಎಂದು.

ಮೊದಲ ಆಕ್ಷೇಪ ಬಂದದ್ದು ನಿವೃತ್ತ ಶಾಲಾ ಮಾಸ್ತರ್ ಕೊಸ್ಟೆಲೋ ಅವರಿಂದ. ಭಾನುವಾರ ಚರ್ಚಿನ ಗೇಟಿನಲ್ಲಿ ಅವರು ಮಡಿಸಿದ ನಕ್ಷೆ, ಅಡಿಕೋಲು, ಪೆನ್ಸಿಲು ಹಿಡಿದು ನಿಂತಿದ್ದರು.

"ಲೋ ಕ್ವಿಲ್ಟಿ, ಬಾ ಇಲ್ಲಿ. ಈ ಬೆಟ್ಟದ ಎತ್ತರ ಎಷ್ಟು?"

"ಎತ್ತರವಾಗಿದೆ ಮೇಷ್ಟ್ರೇ."

"ಸಾವಿರದ ಮುನ್ನೂರು ಅಡಿ. ಗಾಲ್ವೇಗೂ ನಮಗೂ ನಡುವೆ ಕ್ಲೇರ್ ಬೆಟ್ಟಗಳಿವೆ. ಭೂಮಿ ಬೇರೆ ದುಂಡಗಿದೆ. ಅದು ನಿನ್ನ ತರಗತಿಯಲ್ಲೇ ನಾನು ಹೇಳಿಕೊಟ್ಟದ್ದು. ಗಾಲ್ವೇ ನಿನಗೆ ಹೇಗಯ್ಯ ಕಾಣ್ತು?"

ಮಾರ್ಟಿ ತಪ್ಪೊಪ್ಪಿಕೊಳ್ಳುವ ಸ್ಥಿತಿಯಲ್ಲಿದ್ದ. ಮೇಷ್ಟ್ರ ಕೈಯಲ್ಲಿ ಅಡಿಕೋಲು ಕಂಡರೆ ಅವನಿಗೆ ಈಗಲೂ ಅಂಗೈ ಉರಿಯುತ್ತಿತ್ತು. ಅಷ್ಟರಲ್ಲಿ ವಿಧವೆ ಬ್ರೈಡಿ ಹನಫಿನ್ ಕೊಡೆ ಊರಿಕೊಂಡು ನಡುವೆ ಬಂದಳು.

"ನೀವು ಹೊರಗಿನವರು ಮೇಷ್ಟ್ರೇ," ಎಂದಳು. ಕೊಸ್ಟೆಲೋ ಮಾಸ್ತರ್ ಆರು ಮೈಲಿ ಆಚೆಯ ಊರಿನಿಂದ ನಲವತ್ತೊಂಬತ್ತು ವರ್ಷದ ಹಿಂದೆ ಬಂದವರು. "ನಮ್ಮ ಬೆಟ್ಟದ ಮೇಲೆ ಏನು ಕಾಣತ್ತೆ ಅಂತ ನೀವು ಹೇಳಬೇಕಾಗಿಲ್ಲ. ನಾನು ಹುಡುಗಿಯಾಗಿದ್ದಾಗ ಹತ್ತಿದೀನಿ. ಗಾಲ್ವೇ ನನಗೂ ಕಂಡಿದೆ. ಬಟ್ಟೆ ಒಣಹಾಕಿದ್ರು."

"ಯಾರು?"

"ಗಾಲ್ವೇಯವರು."

ಅಲ್ಲಿಗೆ ಊರಿನ ಮಾನದ ಪ್ರಶ್ನೆಯಾಯಿತು. ಬ್ರೈಡಿ ಕಂಡಿದ್ದಾಳೆಂದ ಮೇಲೆ ಅಂಚೆಯವನಿಗೂ ಕಂಡಿತ್ತೆಂದು ನೆನಪಾಯಿತು. ಹಾಲಿನ ಲಾರಿಯವನು ಮದುವೆಗೆ ಮುಂಚೆ ಹೆಂಡತಿಯೊಡನೆ ಹತ್ತಿ ಗಾಲ್ವೇಯ ಸೂರ್ಯಾಸ್ತ ನೋಡಿದ್ದನಂತೆ. ಹೆಂಡತಿಗೆ ಆ ನೆನಪಿರಲಿಲ್ಲ, ಬೇರೆ ಯಾವಳ ಜೊತೆ ಹೋಗಿದ್ದೆ ಎಂದು ಆ ಮನೆಯಲ್ಲಿ ಮೂರು ದಿನ ಮಾತು ನಿಂತಿತು. ಫಾದರ್ ಲೆನಹನ್ ಮುಂದಿನ ವಾರದ ಪ್ರವಚನದಲ್ಲಿ, ಕಣ್ಣಿದ್ದೂ ಕಾಣದವರ ಬಗ್ಗೆ ಮಾತಾಡಿ, ಮೂರನೆಯ ಸಾಲಿನಲ್ಲಿ ಕೂತಿದ್ದ ಮಾಸ್ತರರ ಕಡೆ ನೋಡಿದರು. ತಾವೂ ಬಂದ ವರ್ಷವೇ ಬೆಟ್ಟ ಹತ್ತಿದ್ದಾಗಿ ಆಮೇಲೆ ಟೀ ಕುಡಿಯುತ್ತಾ ಹೇಳಿದರು.

ಮಾಸ್ತರರೊಬ್ಬರೇ ತಾವು ಹತ್ತಿಲ್ಲವೆಂದು ಧೈರ್ಯವಾಗಿ ಹೇಳುತ್ತಿದ್ದರು. "ನಕ್ಷೆ ಇರೋವಾಗ ಹತ್ತೋದು ಯಾಕೆ?" ಎಂಬುದು ಅವರ ವಾದ. ಅವರು ಹೋದಲ್ಲೆಲ್ಲ ಜನ ಗಾಲ್ವೇಯ ಹವಾಮಾನದ ಬಗ್ಗೆ ಜೋರಾಗಿ ಮಾತಾಡಿಕೊಳ್ಳತೊಡಗಿದರು.

ಜುಲೈನಲ್ಲಿ ಸರ್ಕಾರ ಬಂತು. ಜಿಲ್ಲಾ ಕಚೇರಿಯ ಎಂಜಿನಿಯರ್ ಎಂಡಾ ಸ್ಕ್ಯಾನ್ಲನ್ ತೊಡೆಯ ಮೇಲೆ ಕಡತ ಇಟ್ಟುಕೊಂಡು ಕ್ವಿಲ್ಟಿಯವರ ಅಡುಗೆಮನೆಯಲ್ಲಿ ಕೂತ. ಗಾಬ್ನೆಟ್ ಆ್ಯಪಲ್ ಟಾರ್ಟಿನ ಎರಡನೆಯ ತುಂಡನ್ನು ಅವನ ತಟ್ಟೆಗೆ ಹಾಕಿದಳು.

"ಪ್ರವಾಸೋದ್ಯಮಕ್ಕೆ ಅಂತ ಸ್ವಲ್ಪ ಅನುದಾನ ಉಳಿದಿದೆ," ಎಂದ ಎಂಡಾ. "ಬೆಟ್ಟದ ತುದಿಯಲ್ಲಿ ಒಂದು ಕಂಚಿನ ಫಲಕ ಹಾಕ್ತೀವಿ. ದುಂಡಗೆ, ಮೇಜಿನ ಥರ. ಎಂಟು ಬಾಣ. ಒಂದೊಂದು ಬಾಣ ಒಂದೊಂದು ಜಿಲ್ಲೆ ಕಡೆಗೆ. ಫಲಕ ತಿರುಗಿಸಿ ದಿಕ್ಕು ಕೂಡಿಸೋದು ನೀವು."

"ನಾನಾ?"

"ಇನ್ಯಾರು? ಕಡತದಲ್ಲಿ ನಿಮ್ಮ ಹೆಸರೇ ಇದೆ. 'ಸ್ಥಳೀಯ ತಜ್ಞ' ಅಂತ." ಎಂಡಾ ಕಡತ ತಿರುಗಿಸಿ ತೋರಿಸಿದ.

"ನನಗೆ ಮಂಡಿ ನೋವು," ಎಂದ ಮಾರ್ಟಿ.

"ಯಾವಾಗಿಂದ?" ಎಂದಳು ಗಾಬ್ನೆಟ್.

"ಈಗಿಂದ."

"ಇವರಿಗೆ ವಿನಯ ಜಾಸ್ತಿ," ಎಂದು ಅವಳು ಎಂಜಿನಿಯರನಿಗೆ ಹೇಳಿದಳು. "ಆಗಸ್ಟ್ ಎರಡನೇ ಭಾನುವಾರ ಅಂತ ಬರ್ಕೊಳ್ಳಿ."

ಮಾರ್ಟಿಗೆ ಉಳಿದದ್ದು ಒಂದೇ ದಾರಿ. ಬೆಟ್ಟದ ಮೇಲೆ ಕುರಿ ಬಿಡುವ ಬ್ರೆಂಡನ್ ಟೋಬಿನ್‌ನನ್ನು ಹುಡುಕಿಕೊಂಡು ಹೋದ. ಟೋಬಿನ್ ಒಂದು ಕುರಿಯನ್ನು ಕಾಲ ನಡುವೆ ಸಿಕ್ಕಿಸಿಕೊಂಡು ಅದರ ಗೊರಸು ಕತ್ತರಿಸುತ್ತಿದ್ದ.

"ಬ್ರೆಂಡನ್, ಸುಮ್ಮನೆ ಕೇಳ್ತೀನಿ. ಬೆಟ್ಟದ ತುದಿಗೆ ನೀನು ಯಾವ ಕಡೆಯಿಂದ ಹೋಗ್ತೀಯ?"

ಟೋಬಿನ್ ತಲೆಯೆತ್ತಲಿಲ್ಲ. "ಏಳು ವರ್ಷದಿಂದ ನಿನ್ನ ನೀಲಿ ಕಾರು ಹಿಂದಿನ ಗೇಟಲ್ಲಿ ನೋಡ್ತಾ ಇದೀನಿ. ಹೋದ ವರ್ಷ ಫೈನಲ್ ದಿನ ನೀನು ಹಾಕಿದ ಕೂಗಿಗೆ ನನ್ನ ಎರಡು ಕುರಿ ಬೇಲಿ ಹಾರಿದ್ವು."

"ಯಾರಿಗೂ ಹೇಳಿಲ್ಲ ತಾನೇ?"

"ಯಾರೂ ಕೇಳಿಲ್ಲ."

"ದಾರಿ ಹೇಳಪ್ಪ. ನಿನ್ನ ಕಾಲಿಗೆ ಬೀಳ್ತೀನಿ."

"ಕಾಲಲ್ಲಿ ಕುರಿ ಇದೆ, ಬೀಳಬೇಡ. ಚರ್ಚಿನ ಹಿಂದೆ ತಂತಿಬೇಲಿ ಇದೆಯಲ್ಲ, ಅದನ್ನ ಹಿಡ್ಕೊಂಡು ಹೋಗು. ಬೇಲಿ ಎಡಕ್ಕೆ ತಿರುಗಿದ ಕಡೆ ಬೇಲಿ ಬಿಡು, ನೆಟ್ಟಗೆ ಮೇಲಕ್ಕೆ ಹೋಗು. ಬೆಟ್ಟದಲ್ಲಿ ತುದಿ ಇರೋದು ಮೇಲ್ಗಡೆ. ಅಷ್ಟು ನೆನಪಿಟ್ಕೋ."

ಮುಂದಿನ ವಾರವೇ ಒಬ್ಬನೇ ಹೋಗಿ ನೋಡಿ ಬರಬೇಕೆಂದು ಮಾರ್ಟಿ ನಿರ್ಧರಿಸಿದ. ಆ ವಾರ ಲಿಮೆರಿಕ್ ಸೆಮಿಫೈನಲ್ ಆಡುತ್ತಿತ್ತು. ಅದರ ಮುಂದಿನ ವಾರ ಫಲಕದ ದಿನ.

ಆಗಸ್ಟ್ ಎರಡನೆಯ ಭಾನುವಾರ ಮಂಜು ಇಳಿದಿತ್ತು. ಚರ್ಚಿನ ಗೇಟಿನಲ್ಲಿ ನಿಂತರೆ ಚರ್ಚು ಕಾಣುತ್ತಿರಲಿಲ್ಲ. ದೇವರು ದಯಾಮಯ ಎಂದುಕೊಂಡ ಮಾರ್ಟಿ, ಮುಂದೂಡೋಣವೇ ಎಂದು ಕೇಳಿದ.

"ಅನುದಾನ ಈ ತಿಂಗಳಿಗೆ ಮುಗಿಯತ್ತೆ," ಎಂದ ಎಂಡಾ.

"ಮಾರ್ಟಿಗೆ ಕಣ್ಣು ಕಟ್ಟಿ ಬಿಟ್ಟರೂ ದಾರಿ ಗೊತ್ತು," ಎಂದಳು ಗಾಬ್ನೆಟ್.

ನಲವತ್ತು ಜನ ಹೊರಟರು. ಮುಂದೆ ಮಾರ್ಟಿ, ಅವನ ಹಿಂದೆ ಗಾಬ್ನೆಟ್ ಹೊಸ ಟೋಪಿ ಹಾಕಿಕೊಂಡು, ಅವಳ ಹಿಂದೆ ಫಾದರ್ ಲೆನಹನ್, ಬ್ರೈಡಿ, ಅಂಚೆಯವನು, ಅಕಾರ್ಡಿಯನ್ ಬಾರಿಸುವ ಒಬ್ಬ ಮುದುಕ. ಹೆಸ್ಟರ್ ಬೋಲ್ಯಾಂಡ್ ಮತ್ತೆ ಡಬ್ಲಿನ್‌ನಿಂದ ಬಂದಿದ್ದಳು. ಕೊಸ್ಟೆಲೋ ಮಾಸ್ತರ್ ಯಾರ ಜೊತೆಗೂ ಸೇರದೆ ಇಪ್ಪತ್ತು ಅಡಿ ಹಿಂದೆ, ನಕ್ಷೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಎಲ್ಲರ ಹಿಂದೆ ಟೋಬಿನ್ ತನ್ನ ನಾಲ್ಕು ಚಕ್ರದ ಬೈಕಿನ ಗಾಡಿಯಲ್ಲಿ ಫಲಕ, ಸಿಮೆಂಟು, ನೀರು ಹೇರಿಕೊಂಡು ಬರುತ್ತಿದ್ದ.

ಮಾರ್ಟಿ ತಂತಿಬೇಲಿಯನ್ನು ಕೈಯಲ್ಲಿ ಹಿಡಿದು ನಡೆದ. ಬೇಲಿ ಎಡಕ್ಕೆ ತಿರುಗಿದಲ್ಲಿ ಬಿಡಬೇಕಿತ್ತು. ಆದರೆ ಬೇಲಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಸ್ವಲ್ಪ ಸ್ವಲ್ಪವೇ ತಿರುಗುತ್ತದೆ, ಮಂಜಿನಲ್ಲಿ ಅದು ನೆಟ್ಟಗಿದೆ ಎಂದೇ ತೋರುತ್ತದೆ. ಅದೂ ಅಲ್ಲದೆ, ಆ ಬೆಳಗ್ಗೆ ಪ್ರಪಂಚದಲ್ಲಿ ಅವನಿಗೆ ಖಚಿತವಾಗಿ ಗೊತ್ತಿದ್ದ ವಸ್ತು ಆ ತಂತಿಯೊಂದೇ. ಅದನ್ನು ಬಿಡಲು ಮನಸ್ಸಾಗಲಿಲ್ಲ. ಏರು ಬಂತು, ಇಳಿಜಾರು ಬಂತು, ಮತ್ತೆ ಏರು ಬಂತು. ಅಕಾರ್ಡಿಯನ್ ಮುದುಕ ಆರು ಹಾಡು ಮುಗಿಸಿ ಮೊದಲನೆಯದನ್ನು ಮತ್ತೆ ಹಿಡಿದ.

"ಇಷ್ಟು ದೂರ ಇತ್ತಾ?" ಎಂದು ಅಂಚೆಯವನು ಬ್ರೈಡಿಯನ್ನು ಕೇಳಿದ.

"ನಿನಗೆ ನೆನಪಿಲ್ವಾ?" ಎಂದಳು ಬ್ರೈಡಿ.

"ಇದೆ ಇದೆ. ಇಷ್ಟೇ ದೂರ ಇತ್ತು."

ಎರಡು ಗಂಟೆಯ ಮೇಲೆ ನೆಲ ಸಮವಾಯಿತು. ಮಾರ್ಟಿಯ ಕೈಗೆ ತಂತಿಯ ಬದಲು ತಣ್ಣಗಿನ ಕಬ್ಬಿಣ ಸಿಕ್ಕಿತು. ನಿಂತ. ಹಿಂದೆ ನಲವತ್ತು ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತರು.

"ಬಂತಾ?" ಎಂದು ಫಾದರ್ ಲೆನಹನ್ ಏದುಸಿರಿನಲ್ಲಿ ಕೇಳಿದರು.

ಮಾರ್ಟಿ ಉತ್ತರ ಹೇಳುವ ಮೊದಲೇ ಬ್ರೈಡಿ ಒಂದು ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು. "ಇದೇ ತುದಿ. ಈ ಕಲ್ಲಿನ ಮೇಲೇ ಕೂತಿದ್ದೆ ಆವತ್ತು."

"ಹೌದು, ಇದೇ," ಎಂದ ಅಂಚೆಯವನು. "ಗಾಳಿ ನೋಡಿ ಹೇಗಿದೆ. ಕೆಳಗಡೆ ಇಂಥ ಗಾಳಿ ಸಿಗಲ್ಲ."

"ದೇವರಿಗೆ ಹತ್ತಿರ ಬಂದ ಹಾಗಾಯ್ತು," ಎಂದರು ಫಾದರ್.

ಎಂಡಾ ಸಿಮೆಂಟು ಕಲೆಸತೊಡಗಿದ. ಬೇಗ ಗಟ್ಟಿಯಾಗುವ ಜಾತಿಯ ಸಿಮೆಂಟು. ಮಾರ್ಟಿ ಕಬ್ಬಿಣದ ಮೇಲೆ ಮೆಲ್ಲಗೆ ಕೈಯಾಡಿಸಿದ. ಒಂದು ಸರಳು, ಎರಡು ಸರಳು. ಕೊನೆಯಲ್ಲಿ ಒಂದು ನೈಲಾನ್ ಹಗ್ಗ, ಹಗ್ಗಕ್ಕೆ ಒಂದು ಗಂಟು. ಗಾಳಿಗೆ ಗೇಟು ಬಡಿದುಕೊಂಡು ರೇಡಿಯೋ ಕೇಳಿಸದಿದ್ದಾಗ ಆ ಗಂಟನ್ನು ತಾನೇ ಹಾಕಿದ್ದು.

"ಎಂಡಾ," ಎಂದ. "ಒಂದು ನಿಮಿಷ ತಡಿ. ನನಗೇನೋ ಅನುಮಾನ."

"ಏನು ಅನುಮಾನ?" ಎಂದಳು ಗಾಬ್ನೆಟ್. ಮಂಜಿನಲ್ಲಿ ಅವಳ ಮುಖ ಮಾತ್ರ ಕಾಣುತ್ತಿತ್ತು. ಮದುವೆಯ ದಿನ ಬಿಟ್ಟರೆ ಅವಳು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಮದುವೆಯ ದಿನವೂ ಇಷ್ಟು ಹೊತ್ತು ನೋಡಿರಲಿಲ್ಲ.

"ಏನಿಲ್ಲ," ಎಂದ ಮಾರ್ಟಿ.

ಹಿಂದಿನಿಂದ ಮಾಸ್ತರರ ದನಿ ಬಂತು. "ಟೋಬಿನ್, ನೀನು ದಿನಾ ಬರೋನು. ಇದು ತುದಿ ಹೌದೋ ಅಲ್ಲವೋ?"

ಟೋಬಿನ್ ಬೈಕಿನ ಮೇಲೆ ಕೂತೇ ಪೈಪಿಗೆ ತಂಬಾಕು ತುಂಬುತ್ತಿದ್ದ. "ನಾನು ಕುರಿ ಕಾಯೋನು ಮೇಷ್ಟ್ರೇ. ತಜ್ಞ ಅವನು."

ಮಾರ್ಟಿ ಕಂಚಿನ ಫಲಕಕ್ಕೆ ಎರಡೂ ಕೈ ಹಚ್ಚಿದ. ಹಸಿ ಸಿಮೆಂಟಿನ ಮೇಲೆ ಅದು ಸಲೀಸಾಗಿ ತಿರುಗಿತು. ಎಲ್ಲಿ ನಿಲ್ಲಿಸಿದರೂ ಒಂದೇ ಎಂಬುದು ಅವನಿಗೆ ಗೊತ್ತಿತ್ತು, ಆದರೂ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ಆ ಕಡೆ ಈ ಕಡೆ ನೋಡಿದ. "ಕೆರಿ ಇಲ್ಲಿ," ಎಂದ. "ಹಾಗಾದರೆ ಗಾಲ್ವೇ ಅಲ್ಲಿ."

ಜನ ಚಪ್ಪಾಳೆ ತಟ್ಟಿದರು. ಫಾದರ್ ತೀರ್ಥ ಚಿಮುಕಿಸಿದರು. ಮುದುಕ ಅಕಾರ್ಡಿಯನ್ ಎಳೆದ. ಎಲ್ಲರೂ ಗಾಲ್ವೇಯ ಬಾಣದ ಹಿಂದೆ ಸಾಲಾಗಿ ನಿಂತು ಬಿಳಿ ಮಂಜಿನೊಳಗೆ ನೋಡಿದರು. ಬ್ರೈಡಿಗೆ ದೂರದಲ್ಲಿ ಏನೋ ಮಿನುಗಿದ ಹಾಗೆ ಕಂಡಿತು.

ಆಗ ಮಂಜು ಎದ್ದಿತು.

ಆ ಸೀಮೆಯಲ್ಲಿ ಮಂಜು ಏಳುವಾಗ ನೆಲದಿಂದ ಏಳುತ್ತದೆ. ಮೊದಲು ಬೂಟುಗಳು ಕಂಡವು. ಆಮೇಲೆ ಗೇಟು. ಆಮೇಲೆ ಡಾಂಬರು ರಸ್ತೆ, ಅರಣ್ಯ ಇಲಾಖೆಯ ಕಸದ ಡಬ್ಬಿ, ಪೈನ್ ಮರಗಳು. ಕೊನೆಗೆ, ಗಾಲ್ವೇಯ ಬಾಣದ ನೇರಕ್ಕೆ, ಮಂಜು ಏರಿದಷ್ಟೂ ಏರುತ್ತಾ ಹಸಿರಾಗಿ, ದಪ್ಪಗೆ, ಮುಗಿಯುವ ಲಕ್ಷಣವೇ ಇಲ್ಲದ ಹಾಗೆ ಒಂದು ಬೆಟ್ಟ ನಿಂತಿತ್ತು. ಅದರ ತುದಿಯಲ್ಲಿ ಕುರಿಗಳು ಸಾಲಾಗಿ ನಿಂತು ಕೆಳಗೆ ನೋಡುತ್ತಿದ್ದವು.

ಅಕಾರ್ಡಿಯನ್ ಹಾಡಿನ ನಡುವೆಯೇ ನಿಂತಿತು.

"ನನ್ನ ಕುರಿಗಳು ತಪ್ಪು ಬೆಟ್ಟ ಹತ್ತಿರೋ ಹಾಗಿದೆ," ಎಂದ ಟೋಬಿನ್.

ಹೆಸ್ಟರ್ ಪೆನ್ನು ತೆಗೆದಳು. "ಫಾದರ್, ಅದು ಯಾವ ಬೆಟ್ಟ?"

"ಅದಾ?" ಫಾದರ್ ಕನ್ನಡಕ ಒರೆಸಿಕೊಂಡರು. "ಅದು… ಮಾರ್ಟಿ, ಅದರ ಹೆಸರೇನು?"

ಮಾರ್ಟಿ ಟೋಪಿ ತೆಗೆದ. "ನಾಕ್‌ನಗೋರ," ಎಂದ. "ನಾನು ಒಂದು ದಿನವೂ ಅದನ್ನ ಹತ್ತಿಲ್ಲ."

"ಒಂದು ದಿನವೂ?" ಎಂದಳು ಗಾಬ್ನೆಟ್.

"ಒಂದು ದಿನವೂ ಇಲ್ಲ."

"ಹಾಗಾದ್ರೆ ನನ್ನ ಸ್ಯಾಂಡ್‌ವಿಚ್?"

"ಇಲ್ಲೇ ತಿಂತಿದ್ದೆ. ಕಾರಲ್ಲಿ ಕೂತ್ಕೊಂಡು."

"ಏಳು ವರ್ಷ?"

"ಮಳೆ ಬಂದಾಗ ಕಿಟಕಿ ಏರಿಸ್ಕೊಳ್ತಿದ್ದೆ."

ಊರಿನವರು ಅವನನ್ನು ಬಯ್ಯಬೇಕಿತ್ತು. ಫಾದರ್ ಬಾಯಿ ತೆರೆದದ್ದೂ ನಿಜ. ಆದರೆ ತುದಿಯನ್ನು ಕಂಡವರೆಲ್ಲ ಈ ಗೇಟನ್ನು ತುದಿಯೆಂದು ಐದು ನಿಮಿಷದ ಹಿಂದೆಯಷ್ಟೇ ಗುರುತು ಹಿಡಿದಿದ್ದರು. ಬ್ರೈಡಿ ಕಲ್ಲಿನಿಂದ ಎದ್ದು ಲಂಗ ಕೊಡವಿಕೊಂಡು, ತಾನು ಹುಡುಗಿಯಾಗಿದ್ದಾಗ ಬೆಟ್ಟ ಇನ್ನೂ ಸಣ್ಣದಿತ್ತು ಎಂದಳು. ಯಾರೂ ಅಲ್ಲಗಳೆಯಲಿಲ್ಲ.

"ಫಲಕ ಕೀಳೋಣ," ಎಂದರು ಮಾಸ್ತರ್, ಕಣ್ಣಲ್ಲಿ ಬೆಳಕು ತುಂಬಿಕೊಂಡು.

ಎಂಡಾ ಬೂಟಿನಿಂದ ಒದ್ದು ನೋಡಿದ. "ಹಿಡಿದುಬಿಟ್ಟಿದೆ. ಕೀಳಬೇಕಾದರೆ ಹೊಸ ಅರ್ಜಿ ಹಾಕಬೇಕು. ಮೂರು ವರ್ಷ ಆಗತ್ತೆ." ಅವನು ಕಡತ ಬಿಚ್ಚಿ 'ತುದಿಯಲ್ಲಿ' ಎಂಬ ಪದ ಹೊಡೆದು ಹಾಕಿ 'ಬೆಟ್ಟದಲ್ಲಿ' ಎಂದು ಬರೆದ.

ಗಾಬ್ನೆಟ್ ಮಾತ್ರ ಬೆಟ್ಟವನ್ನೇ ನೋಡುತ್ತಿದ್ದಳು. ಆಮೇಲೆ ಹೊಸ ಟೋಪಿಯನ್ನು ತೆಗೆದು ಗೇಟಿನ ಕಂಬಕ್ಕೆ ಸಿಕ್ಕಿಸಿ, ಹಗ್ಗದ ಗಂಟು ಬಿಚ್ಚಿದಳು.

"ನಡಿ," ಎಂದಳು.

"ಎಲ್ಲಿಗೆ?"

"ನನ್ನ ಅಕ್ಕನಿಗೆ ಎರಡು ಪೇಪರ್ ಕಳಿಸಿದೀನಿ. ನಡಿ."

ಮಾರ್ಟಿ ಹತ್ತಿದ. ಮೊದಲ ನೂರು ಅಡಿಗೆ ಮುಖ ಕೆಂಪಾಯಿತು, ಎರಡನೆಯ ನೂರಕ್ಕೆ ನೇರಳೆಯಾಯಿತು. ಗಾಬ್ನೆಟ್ ಹಿಂದಿನಿಂದ ಅವನ ಸೊಂಟಕ್ಕೆ ಎರಡೂ ಕೈ ಕೊಟ್ಟು, ಕೆಸರಿಗೆ ಸಿಕ್ಕಿದ ಗಾಡಿಯನ್ನು ತಳ್ಳುವ ಹಾಗೆ ತಳ್ಳಿದಳು. ಅವರ ಹಿಂದೆ ಕೊಸ್ಟೆಲೋ ಮಾಸ್ತರ್ ಬಂದರು. ಸೋತವರ ಜೊತೆ ಗೆದ್ದವರೊಬ್ಬರು ಇರಬೇಕಲ್ಲ. ಒಂದೂವರೆ ಗಂಟೆ ಹಿಡಿಯಿತು. ಕುರಿಗಳು ಗೌರವದಿಂದ ದಾರಿ ಬಿಟ್ಟವು.

ತುದಿಯಲ್ಲಿ ಏನೂ ಇರಲಿಲ್ಲ, ನಾಲ್ಕು ಕಲ್ಲು ಬಿಟ್ಟರೆ. ಆದರೆ ಸುತ್ತ ಎಲ್ಲವೂ ಇತ್ತು. ಬಿಸಿಲು ಬಿದ್ದ ಹುಲ್ಲುಗಾವಲುಗಳು ಒಂದಕ್ಕೊಂದು ಹೊಲಿದ ಹಾಗೆ ದೂರದ ತನಕ ಹೋಗಿದ್ದವು. ಗಾಲ್ಟಿ ಬೆಟ್ಟಗಳು ಮೋಡದ ನೆರಳು ಹೊದ್ದು ಮಲಗಿದ್ದವು. ಹಾಲಿನ ಲಾರಿಯೊಂದು ಸಕ್ಕರೆ ಹೊತ್ತ ಇರುವೆಯ ಹಾಗೆ ರಸ್ತೆಯಲ್ಲಿ ಹೋಗುತ್ತಿತ್ತು. ಬ್ಯಾಲಿಗೋರವನ್ನು ಗಾಬ್ನೆಟ್ ಹೆಬ್ಬೆರಳಿನಿಂದ ಮುಚ್ಚಿ ನೋಡಿದಳು, ಪೂರ್ತಿ ಮುಚ್ಚಿಹೋಯಿತು. ಪಶ್ಚಿಮದ ಕಡೆ ನೀಲಿಯ ಹಿಂದೆ ನೀಲಿ, ಅದರ ಹಿಂದೆ ಇನ್ನೂ ತೆಳುವಾದ ಒಂದು ನೀಲಿ.

ಮಾರ್ಟಿ ಬಾಯಿ ತೆರೆದುಕೊಂಡು ಒಂದು ಸುತ್ತು ತಿರುಗಿದ. ಏಳು ವರ್ಷ ತಾನು ಹೇಳಿದ ಸುಳ್ಳುಗಳಲ್ಲಿ ಯಾವುದೂ ಇದರ ಅರ್ಧಕ್ಕೂ ಬಂದಿರಲಿಲ್ಲ.

ಮಾಸ್ತರ್ ನಕ್ಷೆ ಬಿಚ್ಚಿದರು. ಗಾಳಿ ಅದನ್ನು ಒಂದೇ ಎಳೆತಕ್ಕೆ ಕಿತ್ತುಕೊಂಡು ಟಿಪರೇರಿಯ ಕಡೆ ಒಯ್ದಿತು. ಅವರು ಖಾಲಿ ಕೈಗಳನ್ನು ನೋಡಿಕೊಂಡರು, ಆಮೇಲೆ ತಲೆಯೆತ್ತಿ ಉತ್ತರಕ್ಕೆ ನೋಡಿದರು. ಬಹಳ ಹೊತ್ತು ನೋಡಿದರು.

"ಕ್ವಿಲ್ಟಿ," ಎಂದರು ಮೆಲ್ಲಗೆ. "ಆ ಕೊನೆಯಲ್ಲಿ, ತೆಳ್ಳಗೆ, ಗೆರೆಯ ಹಾಗೆ. ಅದು ಗಾಲ್ವೇ ಇರಬಹುದು ಕಣೋ."

ಮಾರ್ಟಿ ನೋಡಿದ. "ಸಾಧ್ಯವೇ ಇಲ್ಲ ಮೇಷ್ಟ್ರೇ. ನಡುವೆ ಕ್ಲೇರ್ ಬೆಟ್ಟಗಳಿವೆ."

"ಆ ಬೆಟ್ಟಗಳ ಮೇಲಿಂದಾಚೆ ಕಾಣ್ತಿದೆಯಲ್ಲೋ."

"ಭೂಮಿ ದುಂಡಗಿದೆ."

"ದುಂಡಗಿದ್ದರೇನು, ಅಷ್ಟೊಂದು ದುಂಡಗಿಲ್ಲ. ಕಣ್ಣು ಬಿಟ್ಟು ನೋಡು."

"ನೋಡ್ತಾನೇ ಇದೀನಿ. ಅದು ಮೋಡ."

ಮಾಸ್ತರ್ ತೋಳು ಚಾಚಿ ತೋರಿಸಿದರು. ಮಾರ್ಟಿ ಬೇರೆ ಕಡೆಗೆ ತೋಳು ಚಾಚಿದ. ಕೆರಿ ಯಾವುದು, ಕಾರ್ಕ್ ಯಾವುದು ಎಂಬಲ್ಲಿಗೆ ಜಗಳ ಹರಡಿತು. ಗಾಬ್ನೆಟ್ ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕೂತು ಕೇಳಿದಳು. ಆಮೇಲೆ ಇನ್ನೊಂದು ಸಲ ಸುತ್ತಲೂ ನೋಡಿ, ಒಬ್ಬಳೇ ಇಳಿದಳು.

ಕೆಳಗೆ ಗೇಟಿನ ಹತ್ತಿರ ಜನ ತಲೆಯೆತ್ತಿಕೊಂಡು ಕಾಯುತ್ತಿದ್ದರು. ತುದಿಯಲ್ಲಿ ಎರಡು ಸಣ್ಣ ಆಕೃತಿಗಳು ಒಂದರ ಮುಂದೊಂದು ನಿಂತು ಎಲ್ಲ ದಿಕ್ಕುಗಳಿಗೂ ಕೈ ಬೀಸುತ್ತಿದ್ದುದು ಅಲ್ಲಿಗೂ ಚೆನ್ನಾಗಿ ಕಾಣುತ್ತಿತ್ತು. ಹೆಸ್ಟರ್ ಪುಸ್ತಕ ತೆರೆದು ಓಡಿ ಬಂದಳು.

"ಎಷ್ಟಾಯ್ತು?"

ಗಾಬ್ನೆಟ್ ಕಂಬದಿಂದ ಟೋಪಿ ತೆಗೆದು ತಲೆಗೆ ಸರಿಯಾಗಿ ಇಟ್ಟುಕೊಂಡಳು.

"ಇನ್ನೂ ಎಣಿಸ್ತಾ ಇದಾರೆ," ಎಂದಳು.